ಸೂರ್ಯನ ಮಗಳು ಬಾಯಿ ತೆರೆದಾಗ

ಒಂದು ಮನೆಯಲ್ಲಿ ನಾಲ್ಕು ಮಕ್ಕಳು. ತಂದೆಗೆ ಲೋಕದಲ್ಲೆಲ್ಲ ಹೆಸರು. ತಾಯಿ ಚೆಲುವೆ, ತಾನು ಚೆಲುವೆ ಎಂಬುದು ಆಕೆಗೆ ಚೆನ್ನಾಗಿ ಗೊತ್ತು. ಎರಡನೆಯ ಮಗಳದು ಚುರುಕು ನಾಲಿಗೆ, ಮೂರನೆಯವನು ಅವಳ ಕುಹಕಕ್ಕೆ ತಾಳ ಹಾಕುವವನು, ಕೊನೆಯವನು ಮಹಾ ಬುದ್ಧಿವಂತ. ಉಳಿದವಳು ಹಿರಿಯ ಮಗಳು. ನೋಡಲು ಸಾಧಾರಣ, ದನಿ ಕೀರಲು. ಮನೆಗೆ ಬಂದವರ ಮುಂದೆ ನಿಲ್ಲಿಸಿ ಹೆಮ್ಮೆಯಿಂದ ತೋರಿಸಿಕೊಳ್ಳುವಂಥದ್ದು ಅವಳಲ್ಲಿ ಏನೂ ಇಲ್ಲ. ಹಾಗಾಗಿ ಯಾರೂ ಅವಳನ್ನು ಕರೆಯುವುದಿಲ್ಲ. ಅವಳು ತಂದೆಯ ಕಾಲಬುಡದಲ್ಲಿ ಸದ್ದಿಲ್ಲದೆ ಕುಳಿತು, ಆತ ಎಂದಾದರೂ ಬಗ್ಗಿ ತನ್ನನ್ನು ನೋಡಿಯಾನು ಎಂದು ಕಾಯುತ್ತಾಳೆ.

ಇಂಥ ಮನೆಗಳು ಎಲ್ಲ ಊರಿನಲ್ಲೂ ಇವೆ. ಅಂಕಪಟ್ಟಿ ಕೊಡುವ ದಿನ ಯಾವುದೇ ಶಾಲೆಯ ವರಾಂಡದಲ್ಲಿ ಹತ್ತು ನಿಮಿಷ ನಿಂತರೆ ಸಾಕು. ‘ಇವಳ ಅಣ್ಣನಿಗೆ ಒಂದು ಸಲ ಹೇಳಿದರೆ ಆಗುತ್ತಿತ್ತು ಸಾರ್, ಇವಳಿಗೆ ಮಾತ್ರ...’ ಎಂಬ ಮಾತು ಯಾವುದಾದರೊಂದು ಬಾಯಿಂದ ಬಂದೇ ಬರುತ್ತದೆ. ಪಕ್ಕದಲ್ಲಿ ನಿಂತ ಹುಡುಗಿ ತನ್ನ ಚಪ್ಪಲಿಯ ತುದಿಯನ್ನು ನೋಡುತ್ತಿರುತ್ತಾಳೆ. ಆದರೆ ಮೇಲೆ ಹೇಳಿದ ಮನೆ ಇಂಥ ಯಾವ ಊರಿನದೂ ಅಲ್ಲ. ಅದು ಗ್ರೀಕರ ಸೂರ್ಯದೇವ ಹೀಲಿಯೋಸನ ಅರಮನೆ. ಆ ಹಿರಿಯ ಮಗಳ ಹೆಸರು ಕಿರ್ಕೆ.

ಇಂಗ್ಲಿಷಿನವರ ಬಾಯಲ್ಲಿ ಈ ಹೆಸರು ‘ಸರ್ಸಿ’ ಎಂದಾಗಿದೆ. ಅದೇ ಹೆಸರಿನ ಕಾದಂಬರಿಯೊಂದನ್ನು ಅಮೆರಿಕದ ಲೇಖಕಿ ಮ್ಯಾಡಲಿನ್ ಮಿಲ್ಲರ್ 2018ರಲ್ಲಿ ಪ್ರಕಟಿಸಿದರು. ಮಿಲ್ಲರ್ ಮೂಲತಃ ಪಾಠ ಹೇಳುವವರು. ಬ್ರೌನ್ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯ ಓದಿ, ಹೈಸ್ಕೂಲಿನ ಮಕ್ಕಳಿಗೆ ಆ ಭಾಷೆಗಳನ್ನೂ ಷೇಕ್ಸ್‌ಪಿಯರನನ್ನೂ ಕಲಿಸಿದವರು. ಅವರ ಮೊದಲ ಕಾದಂಬರಿ ‘ದಿ ಸಾಂಗ್ ಆಫ್ ಅಕಿಲೀಸ್’ 2011ರಲ್ಲಿ ಬಂತು; ಮರುವರ್ಷ ಅದಕ್ಕೆ ಬ್ರಿಟನ್ನಿನ ಆರೆಂಜ್ ಪ್ರಶಸ್ತಿ ದೊರೆಯಿತು. ‘ಸರ್ಸಿ’ ಅವರ ಎರಡನೆಯ ಕಾದಂಬರಿ. ಬೇರೆ ಹೆಸರು ಪಡೆದಿದ್ದ ಅದೇ ಪ್ರಶಸ್ತಿಯ 2019ರ ಅಂತಿಮ ಪಟ್ಟಿಯಲ್ಲಿ ಇದೂ ಇತ್ತು.

ಅತಿಥಿ ಕೊಟ್ಟ ನಡತೆಪತ್ರ

ಕಿರ್ಕೆ ಮಿಲ್ಲರ್ ಅವರು ಹುಟ್ಟಿಸಿದ ಪಾತ್ರವಲ್ಲ. ಎರಡೂವರೆ ಸಾವಿರ ವರ್ಷಗಳಿಗೂ ಹಿಂದಿನ ಹೋಮರನ ‘ಒಡಿಸ್ಸಿ’ ಮಹಾಕಾವ್ಯದಲ್ಲಿ ಅವಳು ಬರುತ್ತಾಳೆ. ಟ್ರಾಯ್ ಯುದ್ಧ ಮುಗಿಸಿದ ವೀರ ಒಡಿಸ್ಯೂಸ್ ತನ್ನ ಊರಾದ ಇಥಾಕಾಕ್ಕೆ ಮರಳಲು ಹತ್ತು ವರ್ಷ ಕಡಲಲ್ಲಿ ಅಲೆದ ಕಥೆ ಅದು. ಕನ್ನಡದ ಓದುಗನಿಗೆ ಈ ಒಡಿಸ್ಯೂಸ್ ತೀರಾ ಹೊರಗಿನವನೇನಲ್ಲ. ಬಿ.ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ (1929) ನಾಟಕಕ್ಕೆ ಮೂಲ ಸೋಫೋಕ್ಲಿಸನ ‘ಏಜಾಕ್ಸ್’. ಸತ್ತ ಅಕಿಲೀಸನ ಆಯುಧಗಳು ಆ ಏಜಾಕ್ಸನಿಗೆ ಸಿಗದೆ ಯಾರ ಪಾಲಾದವೋ, ಯಾರ ಮೇಲಿನ ಸಿಟ್ಟಿನಿಂದ ಅವನ ತಲೆ ಕೆಟ್ಟಿತೋ, ಆತನೇ ಈ ಒಡಿಸ್ಯೂಸ್.

ಒಡಿಸ್ಸಿಯಲ್ಲಿ 24 ಸರ್ಗಗಳು, 12,000ಕ್ಕೂ ಹೆಚ್ಚು ಸಾಲುಗಳು. ಕಿರ್ಕೆಗೆ ಸಿಕ್ಕಿರುವುದು ಮುಖ್ಯವಾಗಿ ಹತ್ತನೆಯ ಸರ್ಗ, ಆಮೇಲೆ ಹನ್ನೆರಡನೆಯದರ ಒಂದಿಷ್ಟು ಭಾಗ. ಕಥೆ ಇಷ್ಟೆ: ಒಡಿಸ್ಯೂಸನ ಹಡಗು ಐಯಾಯ ಎಂಬ ದ್ವೀಪಕ್ಕೆ ಬರುತ್ತದೆ. ಅವನ ಕಡೆಯ ಒಂದು ಗುಂಪು ಕಾಡಿನ ನಡುವಿನ ಮನೆಯೊಂದನ್ನು ಕಾಣುತ್ತದೆ. ಒಳಗೆ ಹೆಂಗಸೊಬ್ಬಳು ಹಾಡುತ್ತ ಮಗ್ಗದಲ್ಲಿ ನೇಯುತ್ತಿದ್ದಾಳೆ. ಅವಳು ಅವರನ್ನು ಕರೆದು, ಊಟ ಬಡಿಸಿ, ಅದರಲ್ಲಿ ಮದ್ದು ಬೆರೆಸಿ, ಕೋಲು ಮುಟ್ಟಿಸಿ ಎಲ್ಲರನ್ನೂ ಹಂದಿಗಳನ್ನಾಗಿ ಮಾಡುತ್ತಾಳೆ. ಒಡಿಸ್ಯೂಸ್ ದೇವದೂತ ಹರ್ಮಿಸ್ ಕೊಟ್ಟ ಬೇರಿನ ಬಲದಿಂದ ಅವಳ ಮದ್ದನ್ನು ಗೆದ್ದು, ಕತ್ತಿ ಹಿರಿಯುತ್ತಾನೆ. ಅವಳು ಅವನ ಮೊಣಕಾಲು ಹಿಡಿಯುತ್ತಾಳೆ. ಹಂದಿಗಳು ಮತ್ತೆ ಮನುಷ್ಯರಾಗುತ್ತವೆ. ಎಲ್ಲರೂ ಅಲ್ಲಿ ಒಂದು ವರ್ಷ ಉಂಡು ತಿಂದು ಸುಖವಾಗಿರುತ್ತಾರೆ. ಆಮೇಲೆ ಅವಳು ಮುಂದಿನ ದಾರಿ ಹೇಳಿಕೊಟ್ಟು ಕಳಿಸುತ್ತಾಳೆ.

ಅವಳು ಆ ಗಂಡಸರನ್ನು ಹಂದಿಗಳನ್ನಾಗಿ ಮಾಡಿದ್ದು ಏಕೆ? ಹೋಮರ್ ಕಾರಣ ಹೇಳುವುದಿಲ್ಲ. ಮಾಟಗಾತಿ, ಆದ್ದರಿಂದ ಮಾಟ ಮಾಡಿದಳು ಎಂದು ಲೋಕ ಸುಮ್ಮನಾಯಿತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಕಿರ್ಕೆಯ ಪ್ರಸಂಗವನ್ನು ಹೇಳುತ್ತಿರುವವನು ಕವಿಯಲ್ಲ. ಒಂಬತ್ತರಿಂದ ಹನ್ನೆರಡರವರೆಗಿನ ಸರ್ಗಗಳನ್ನು ಒಡಿಸ್ಯೂಸನೇ, ಅಲ್ಕಿನೋಸ್ ಎಂಬ ದೊರೆಯ ಆಸ್ಥಾನದಲ್ಲಿ, ಔತಣದ ನಡುವೆ ಹೇಳುತ್ತಾನೆ. ಅವನಿಗೆ ಊರಿಗೆ ಹೋಗಲು ಆ ದೊರೆಯ ಹಡಗು ಬೇಕಾಗಿದೆ. ಮಾತಿನಲ್ಲಿ ಅವನನ್ನು ಮೀರಿಸಿದವರು ಗ್ರೀಕರಲ್ಲೇ ಇಲ್ಲ. ತಾನು ಕತ್ತಿ ಹಿರಿದದ್ದು, ಅವಳು ಮಂಡಿಯೂರಿದ್ದು, ಎಲ್ಲಕ್ಕೂ ಅವನದೇ ಸಾಕ್ಷಿ. ಕಿರ್ಕೆಯ ಬಗ್ಗೆ ಲೋಕಕ್ಕೆ ತಿಳಿದದ್ದರಲ್ಲಿ ಬಹುಪಾಲು, ಒಂದು ವರ್ಷ ಅವಳ ಮನೆಯಲ್ಲಿ ಉಂಡು ಎದ್ದುಹೋದ ಅತಿಥಿಯೊಬ್ಬ ಬರೆದುಕೊಟ್ಟ ನಡತೆಪತ್ರ.

ಪ್ರಯೋಗಶಾಲೆಯಲ್ಲಿ ಬ್ಯೂರೆಟ್ಟಿನ ಅಳತೆ ಓದುವಾಗ ಮಕ್ಕಳಿಗೆ ಮೊದಲು ಹೇಳಿಕೊಡುವ ಪಾಠವೊಂದಿದೆ. ದ್ರವದ ಮಟ್ಟವನ್ನು ಮೇಲಿನಿಂದ ನೋಡಿದವನಿಗೆ ಒಂದು ಅಂಕೆ ಕಾಣುತ್ತದೆ, ಕೆಳಗಿನಿಂದ ನೋಡಿದವನಿಗೆ ಇನ್ನೊಂದು. ಬ್ಯೂರೆಟ್ಟೂ ಸುಳ್ಳು ಹೇಳುತ್ತಿಲ್ಲ, ಹುಡುಗನೂ ಸುಳ್ಳು ಹೇಳುತ್ತಿಲ್ಲ. ಕಣ್ಣು ಇರುವ ಜಾಗ ತಪ್ಪು. ಸರಿಯಾದ ಅಂಕೆ ಬೇಕಾದರೆ ಕಣ್ಣನ್ನು ದ್ರವದ ಮಟ್ಟಕ್ಕೆ ತರಬೇಕು. ಮಿಲ್ಲರ್ ಮಾಡಿರುವುದು ಈ ಕೆಲಸವನ್ನೇ. ಒಡಿಸ್ಯೂಸನ ಎತ್ತರದಿಂದ ಕೆಳಗಿಳಿದು, ಕಣ್ಣನ್ನು ಕಿರ್ಕೆಯ ಮಟ್ಟಕ್ಕೆ ತಂದಿದ್ದಾರೆ. ಕಾದಂಬರಿಯುದ್ದಕ್ಕೂ ಮಾತಾಡುವವಳು ಅವಳೇ. ಹಳೆಯ ಕಥೆಯನ್ನು ಅದರೊಳಗಿನವರ ಮನಸ್ಸಿನಿಂದ ನೋಡುವ ಈ ಕ್ರಮ ಕನ್ನಡಕ್ಕೂ ಹೊಸದಲ್ಲ. ಮಹಾಭಾರತವನ್ನು ಹಲವು ಪಾತ್ರಗಳ ನೆನಪುಗಳ ಮೂಲಕ ಹೇಳಿದ ಎಸ್.ಎಲ್. ಭೈರಪ್ಪನವರ ‘ಪರ್ವ’ 1979ರಲ್ಲೇ ಬಂದಿತ್ತು.

ತಪ್ಪು ಮಾಡಿದವಳು ಒಪ್ಪಿಕೊಂಡಳು

ಕಾದಂಬರಿಯ ಕಿರ್ಕೆಗೆ ಹುಟ್ಟಿನಿಂದ ಬಂದ ದೊಡ್ಡ ಶಕ್ತಿ ಯಾವುದೂ ಕಾಣುವುದಿಲ್ಲ. ಗ್ರೀಕಿನಲ್ಲಿ ಅವಳ ಹೆಸರಿಗೆ ಗಿಡುಗದ ನಂಟಿದೆ. ಹಳದಿ ಕಣ್ಣು, ವಿಚಿತ್ರವಾದ ತೆಳು ದನಿಯ ಅಳು. ಆದ್ದರಿಂದ ಆ ಹೆಸರು ಬಂತು ಎನ್ನುತ್ತಾರೆ ಮಿಲ್ಲರ್. ದೇವತೆಗಳಿಗೆ ಅವಳ ದನಿ ಕರ್ಕಶ. ಏಕೆಂದರೆ ಅದು ಮನುಷ್ಯರ ದನಿಯ ಹಾಗಿದೆ. ಇದು ಲೇಖಕಿಯ ಬರಿಯ ಕಲ್ಪನೆಯಲ್ಲ. ಹೋಮರನೂ ಕಿರ್ಕೆಯನ್ನು ಮನುಷ್ಯರಂತೆ ಮಾತಾಡುವ ದೇವತೆ ಎಂಬ ವಿಶೇಷಣದಿಂದ ಕರೆಯುತ್ತಾನೆ. ಅವನು ಒಂದು ಪದದಲ್ಲಿ ಹೇಳಿ ಮುಂದೆ ಹೋದದ್ದನ್ನು ಮಿಲ್ಲರ್ ಹಿಡಿದು ನಿಲ್ಲಿಸಿ, ಅದರಿಂದ ಒಂದು ಬಾಲ್ಯವನ್ನೇ ಕಟ್ಟಿದ್ದಾರೆ.

ಆ ಬಾಲ್ಯದಲ್ಲಿ ಒಂದು ದಿನ ಪ್ರೊಮಿಥಿಯಸನನ್ನು ಅರಮನೆಗೆ ಎಳೆದು ತರುತ್ತಾರೆ. ಮನುಷ್ಯರಿಗೆ ಬೆಂಕಿ ಕೊಟ್ಟ ತಪ್ಪಿಗೆ ಅವನಿಗೆ ಚಾಟಿಯೇಟಿನ ಶಿಕ್ಷೆ. ದೇವತೆಗಳೆಲ್ಲ ನಿಂತು ನೋಡಿ, ಬೇಸರ ಬಂದ ಮೇಲೆ ಊಟಕ್ಕೆ ಹೋಗುತ್ತಾರೆ. ಹಿಂದೆ ಉಳಿದವಳು ಕಿರ್ಕೆ ಒಬ್ಬಳೇ. ಅವಳು ಯಾರಿಗೂ ತಿಳಿಯದಂತೆ ಅವನಿಗೆ ಕುಡಿಯಲು ಅಮೃತ ತಂದುಕೊಡುತ್ತಾಳೆ. ಅವಳ ಜೀವನದ ಮೊದಲ ಸ್ವಂತ ಕೆಲಸ ಅದು. ತನ್ನ ಕೈಯನ್ನು ಯಾರಾದರೂ ಆಡಿಸಿದಂತೆ ಆಡಿಸದೆ, ತಾನೇ ಆಡಿಸಬಹುದು ಎಂದು ಅವಳಿಗೆ ಅಂದು ತಿಳಿಯುತ್ತದೆ.

ಆಮೇಲೆ ಗ್ಲಾಕಸ್ ಎಂಬ ಬಡ ಬೆಸ್ತರ ಹುಡುಗನನ್ನು ಅವಳು ಪ್ರೀತಿಸುತ್ತಾಳೆ. ಅವನು ಮನುಷ್ಯ, ಒಂದು ದಿನ ಸಾಯುವವನು. ಅವನನ್ನು ಉಳಿಸಿಕೊಳ್ಳಲು ಹಳೆಯ ದೇವತೆಗಳ ರಕ್ತ ಬಿದ್ದ ನೆಲದಲ್ಲಿ ಬೆಳೆದ ಹೂಗಳನ್ನು ಹುಡುಕಿ, ಅವುಗಳ ರಸದಿಂದ ಅವನನ್ನು ಕಡಲದೇವತೆಯನ್ನಾಗಿ ಮಾಡುತ್ತಾಳೆ. ದೇವನಾದ ಗ್ಲಾಕಸ್ ಮಾಡಿದ ಮೊದಲ ಕೆಲಸ, ಅವಳನ್ನು ಬಿಟ್ಟು ಸ್ಕಿಲ್ಲಾ ಎಂಬ ಸುಂದರಿಯ ಹಿಂದೆ ಹೋದದ್ದು. ಅಸೂಯೆಯಲ್ಲಿ ಬೆಂದ ಕಿರ್ಕೆ ಅದೇ ಹೂವಿನ ರಸವನ್ನು ಸ್ಕಿಲ್ಲಾ ಸ್ನಾನ ಮಾಡುವ ನೀರಿಗೆ ಸುರಿಯುತ್ತಾಳೆ. ಸ್ಕಿಲ್ಲಾ ಆರು ತಲೆಯ ಘೋರ ಪ್ರಾಣಿಯಾಗಿ, ಇಕ್ಕಟ್ಟಾದ ಜಲಸಂಧಿಯ ಬಂಡೆಯಲ್ಲಿ ಸೇರಿಕೊಂಡು, ಹಾದುಹೋಗುವ ಹಡಗುಗಳ ನಾವಿಕರನ್ನು ತಿನ್ನತೊಡಗುತ್ತಾಳೆ.

ಮಿಲ್ಲರ್ ತಮ್ಮ ನಾಯಕಿಯ ಪರ ವಕಾಲತ್ತು ಮಾಡುವುದಿಲ್ಲ. ಕಡೆಗಣಿಸಲ್ಪಟ್ಟವರೆಲ್ಲ ಒಳ್ಳೆಯವರೇ ಆಗಿರಬೇಕೆಂದೇನಿಲ್ಲ. ಕಿರ್ಕೆ ಮಾಡಿದ್ದು ತಪ್ಪು, ಅದೂ ಸಣ್ಣ ತಪ್ಪಲ್ಲ. ಆದರೆ ಅವಳು ತಂದೆಯ ಮುಂದೆ ಹೋಗಿ ‘ಇದನ್ನು ಮಾಡಿದವಳು ನಾನು’ ಎಂದು ಹೇಳುತ್ತಾಳೆ. ಹೀಲಿಯೋಸ್ ಮೊದಲು ನಂಬುವುದೇ ಇಲ್ಲ. ಈ ಮಗಳ ಕೈಯಿಂದ ಒಂದು ಕೆಟ್ಟ ಕೆಲಸವಾದರೂ ಆಗಬಲ್ಲದು ಎಂಬ ನಂಬಿಕೆಯೂ ಅವನಿಗಿಲ್ಲ! ನಂಬಲೇಬೇಕಾದಾಗ, ದೇವತೆಗಳ ರಾಜ ಜ್ಯೂಸ್ ಜೊತೆ ಒಪ್ಪಂದ ಮಾಡಿಕೊಂಡು ಮಗಳನ್ನು ಐಯಾಯ ದ್ವೀಪಕ್ಕೆ ಗಡಿಪಾರು ಮಾಡುತ್ತಾನೆ. ಆ ನಾಲ್ಕೂ ಮಕ್ಕಳಲ್ಲಿ ಮಾಟದ ಶಕ್ತಿ ಇದ್ದದ್ದು ಆಗ ಬಯಲಾಗುತ್ತದೆ. ಶಿಕ್ಷೆಯಾದದ್ದು ಮಾತ್ರ ಒಪ್ಪಿಕೊಂಡವಳಿಗೆ.

ತರಗತಿಯಲ್ಲಿ ಕಿಟಕಿಯ ಗಾಜು ಒಡೆದಾಗ ‘ನಾನೇ ಸಾರ್’ ಎಂದು ಎದ್ದು ನಿಂತ ಹುಡುಗನನ್ನು ಮಾತ್ರ ಹೊರಗೆ ನಿಲ್ಲಿಸುವುದು ಸುಲಭ. ಉಳಿದವರೆಲ್ಲ ಅಂದು ಕಲಿಯುವುದು, ಎದ್ದು ನಿಲ್ಲಬಾರದು ಎಂಬ ಪಾಠವನ್ನು.

ಒಂಟಿ ದ್ವೀಪದ ಪ್ರಯೋಗಶಾಲೆ

ಗಡಿಪಾರಿನ ದ್ವೀಪದಲ್ಲಿ ಕಾದಂಬರಿಯ ಅತ್ಯಂತ ಒಳ್ಳೆಯ ಪುಟಗಳು ಶುರುವಾಗುತ್ತವೆ. ಅಲ್ಲಿ ಮನೆ ಇದೆ, ಕಾಡಿದೆ, ಹೊತ್ತು ಬೇಕಾದಷ್ಟಿದೆ. ಹೇಳಿಕೊಡುವವರು ಯಾರೂ ಇಲ್ಲ. ಕಿರ್ಕೆ ಗಿಡಗಳನ್ನು ಕಿತ್ತು ತರುತ್ತಾಳೆ, ಬಿಡಿಸುತ್ತಾಳೆ, ತೊಳೆಯುತ್ತಾಳೆ, ಕುಟ್ಟುತ್ತಾಳೆ, ಕುದಿಸುತ್ತಾಳೆ. ಒಂದು ಸೊಪ್ಪನ್ನು ಹಸಿಯಾಗಿ ಬಳಸಬೇಕು, ಇನ್ನೊಂದನ್ನು ಒಣಗಿಸಬೇಕು. ಒಂದು ಬೇರನ್ನು ಇಂಥ ಕಾಲದಲ್ಲೇ ಅಗೆಯಬೇಕು, ತಪ್ಪಿದರೆ ಅದರಲ್ಲಿ ಸತ್ವವಿಲ್ಲ. ಒಂದು ಸಣ್ಣ ಹೆಜ್ಜೆ ತಪ್ಪಿದರೆ ದಿನಗಟ್ಟಲೆಯ ಶ್ರಮ ಮಣ್ಣುಪಾಲು. ಮರುದಿನ ಮತ್ತೆ ಮೊದಲಿನಿಂದ.

ಮಾಟ ಎಂದರೆ ಕೈಬೀಸಿದರೆ ಆಗುವ ಚಮತ್ಕಾರ ಎಂದು ತಿಳಿದವರಿಗೆ ಇದು ಆಶ್ಚರ್ಯ. ಮಿಲ್ಲರ್ ಹೇಳುವ ಮಾಟ ಬೇರೆ. ದೇವತೆಗಳ ಶಕ್ತಿ ಹುಟ್ಟಿನಿಂದ ಬಂದದ್ದು, ನೆನೆದರೆ ಸಾಕು ನಡೆಯುತ್ತದೆ. ಆದ್ದರಿಂದಲೇ ಅವರು ಎಂದೂ ಏನನ್ನೂ ಕಲಿಯುವುದಿಲ್ಲ. ಸಾವಿರ ವರ್ಷ ಕಳೆದರೂ ಅವರ ಜಂಬ ಹಾಗೆಯೇ, ಜಗಳ ಹಾಗೆಯೇ, ಬುದ್ಧಿ ಹಾಗೆಯೇ. ಕಿರ್ಕೆಯ ವಿದ್ಯೆ ಮಾತ್ರ ಕೈಕೆಸರಿನದು. ಅದರಲ್ಲಿ ಸೋಲಿದೆ, ಆದ್ದರಿಂದ ಬೆಳವಣಿಗೆಯೂ ಇದೆ. ಹೆಸರು ಮಾಟವೆಂದಿದ್ದರೂ ನೋಡಿ, ಅರಿತು, ಮಾಡಿ, ತಪ್ಪಿ, ತಿದ್ದಿ, ಮತ್ತೆ ಮಾಡುವ ಆ ಕ್ರಮ ವಿಜ್ಞಾನದ ಮಕ್ಕಳಿಗೆಲ್ಲ ಪರಿಚಿತವಾದದ್ದೇ.

ಈ ಮಾತನ್ನು ಬರೆಯುವ ಅಧಿಕಾರ ಲೇಖಕಿಗೂ ಇದೆ. ತಮ್ಮ ಮೊದಲ ಕಾದಂಬರಿಗೆ ಅವರು ಹತ್ತು ವರ್ಷ ತೆಗೆದುಕೊಂಡರು. ಐದು ವರ್ಷ ಕೂತು ಬರೆದ ಹಸ್ತಪ್ರತಿ ಸರಿಬರಲಿಲ್ಲವೆಂದು ಬಿಸಾಕಿ, ಮತ್ತೆ ಮೊದಲ ಸಾಲಿನಿಂದ ಆರಂಭಿಸಿದವರು. ಒಂದು ಘಟಕಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತೆಂದು ಊಟ ಬಿಡುವ ಮಕ್ಕಳೂ, ಮಾತು ಬಿಡುವ ತಂದೆತಾಯಿಗಳೂ ನೆನಪಿಡಬೇಕಾದ ಸಂಗತಿ ಇದು.

ಕಪ್ಪು ಬೇರಿನ ಬಿಳಿ ಹೂ

ಕಿರ್ಕೆಯ ಮದ್ದಿನ ವಿಷಯ ಬಂದಾಗ ನಿಜವಾದ ವಿಜ್ಞಾನದ ಒಂದು ಅಧ್ಯಾಯವನ್ನೂ ಹೇಳಬೇಕು. ಹರ್ಮಿಸ್ ಒಡಿಸ್ಯೂಸನಿಗೆ ಕೊಟ್ಟ ಗಿಡದ ಹೆಸರು ‘ಮೋಲಿ’. ಅದರ ಬೇರು ಕಪ್ಪು, ಹೂವು ಹಾಲಿನಂತೆ ಬಿಳಿ ಎಂದು ಹೋಮರ್ ವರ್ಣಿಸುತ್ತಾನೆ. ಇದು ಯಾವ ಗಿಡ ಎಂದು ಪ್ರಾಚೀನ ಕಾಲದಿಂದಲೂ ಚರ್ಚೆ ನಡೆದಿದೆ.

1983ರಲ್ಲಿ ಪ್ಲೈಟಾಕಿಸ್ ಮತ್ತು ಡುವೊಯ್ಸಿನ್ ಎಂಬ ಇಬ್ಬರು ನರರೋಗ ತಜ್ಞರು ಒಂದು ಲೇಖನ ಬರೆದರು. ಕಿರ್ಕೆ ಊಟದಲ್ಲಿ ಬೆರೆಸಿದ್ದು ದತ್ತೂರಿಯಂಥ ವಿಷವಿರಬೇಕು ಎಂಬುದು ಅವರ ಊಹೆ. ನಮ್ಮ ಬೇಲಿಗಳಲ್ಲಿ ಬೆಳೆಯುವ ಉಮ್ಮತ್ತಿ ಅದೇ ಕುಲದ ಗಿಡ. ಅದರ ವಿಷ ಹೊಟ್ಟೆಗೆ ಹೋದರೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಇಲ್ಲದ್ದು ಕಾಣುತ್ತದೆ, ಎಚ್ಚರ ತಪ್ಪುತ್ತದೆ, ಪ್ರಾಣವೂ ಹೋಗಬಹುದು. ನರಗಳ ನಡುವೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ವಸ್ತುವಿನ ಕೆಲಸವನ್ನು ಈ ವಿಷ ತಡೆಯುತ್ತದೆ. ಹಾಗಾದರೆ ಮೋಲಿ? ಅದು ಯುರೋಪಿನ ಹಿಮದ ನಡುವೆ ಅರಳುವ ‘ಸ್ನೋಡ್ರಾಪ್’ ಎಂಬ ಬಿಳಿ ಹೂವಿನ ಗಿಡ ಎಂದರು ಅವರು. ಆ ಗಿಡದಲ್ಲಿ ಗ್ಯಾಲಂಟಮೀನ್ ಎಂಬ ವಸ್ತುವಿದೆ. ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವವನ್ನು ಅದು ತಡೆಹಿಡಿಯುತ್ತದೆ. ಒಂದು ಕಡೆ ಸಂದೇಶವಾಹಕನ ದಾರಿ ಮುಚ್ಚುವ ವಿಷ. ಇನ್ನೊಂದು ಕಡೆ ಸಂದೇಶವಾಹಕರ ಸಂಖ್ಯೆ ಹೆಚ್ಚಿಸುವ ಮದ್ದು. ಲೆಕ್ಕ ಸರಿಹೋಗುವಂತಿದೆ.

ಈ ಗ್ಯಾಲಂಟಮೀನ್ ಕಟ್ಟುಕಥೆಯಲ್ಲ. 1950ರ ದಶಕದಲ್ಲಿ ಅದನ್ನು ಸ್ನೋಡ್ರಾಪ್ ಗಿಡದಿಂದ ಬೇರ್ಪಡಿಸಿದರು. ಮರೆವಿನ ಕಾಯಿಲೆಯಾದ ಆಲ್‌ಝೈಮರ್‌ಗೆ ಅದನ್ನು ಔಷಧವಾಗಿ ಬಳಸಲು ಅಮೆರಿಕದಲ್ಲಿ 2001ರಲ್ಲಿ ಅನುಮತಿ ಸಿಕ್ಕಿತು. ಕಾಯಿಲೆಯನ್ನು ಅದು ಗುಣಪಡಿಸುವುದಿಲ್ಲ, ಕೆಲವರಲ್ಲಿ ಅದರ ಲಕ್ಷಣಗಳನ್ನು ಒಂದಷ್ಟು ಕಾಲ ಹತೋಟಿಯಲ್ಲಿಡುತ್ತದೆ.

ಹಾಗೆಂದು ಮೋಲಿಯ ಒಗಟು ಬಿಡಿಸಿತು ಎಂದು ಚಪ್ಪಾಳೆ ತಟ್ಟುವಂತಿಲ್ಲ. ಆ ಲೇಖನ ಹೆಸರಿಸಿದ ದತ್ತೂರಿಯ ಜಾತಿಯ ತವರು ಅಮೆರಿಕ ಖಂಡ ಎಂದು ಹೆಚ್ಚಿನ ಸಸ್ಯವಿಜ್ಞಾನಿಗಳು ಹೇಳುತ್ತಾರೆ. ಕೊಲಂಬಸನಿಗಿಂತ ಎರಡು ಸಾವಿರ ವರ್ಷ ಹಿಂದಿನ ಗ್ರೀಕರ ಊಟದಲ್ಲಿ ಅದು ಸೇರಿದ್ದು ಹೇಗೆ? ಅದೇ ಬಗೆಯ ವಿಷವಿರುವ ಬೇರೆ ಗಿಡಗಳು ಮೆಡಿಟರೇನಿಯನ್ ತೀರದಲ್ಲಿ ಇದ್ದವು, ನಿಜ. ಆದರೆ ಹೋಮರ್ ಬರೆದದ್ದು ಕಾವ್ಯ, ಔಷಧಕೋಶವಲ್ಲ. ಊಹೆ ಎಷ್ಟೇ ಚೆನ್ನಾಗಿದ್ದರೂ ಸಾಕ್ಷ್ಯ ಸಿಗುವವರೆಗೆ ಅದು ಊಹೆಯೇ. ಇದನ್ನು ಓದಿ ಯಾವ ಮಕ್ಕಳೂ ಉಮ್ಮತ್ತಿ ಗಿಡದ ಹತ್ತಿರ ಪ್ರಯೋಗಕ್ಕೆ ಹೋಗಬಾರದು ಎಂಬ ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡಬೇಕು.

ಕಿರ್ಕೆಯ ಹೆಸರು ಜೀವರಸಾಯನ ಶಾಸ್ತ್ರದಲ್ಲೂ ಇದೆ. ಕಿಣ್ವಗಳು ತಾವು ಬದಲಿಸಬೇಕಾದ ಅಣುವನ್ನು ಮೊದಲು ತಮ್ಮತ್ತ ಸೆಳೆದು ಹಿಡಿಯುತ್ತವೆ, ಆಮೇಲೆ ಅದರ ರೂಪ ಬದಲಿಸುತ್ತವೆ. ಇದಕ್ಕೆ ಅಮೆರಿಕದ ವಿಜ್ಞಾನಿ ವಿಲಿಯಂ ಜೆಂಕ್ಸ್ 1975ರಲ್ಲಿ ‘ಸರ್ಸಿ ಪರಿಣಾಮ’ ಎಂದು ಹೆಸರಿಟ್ಟರು. ಹೆಸರು ಸೊಗಸಾಗಿದೆ. ಆದರೆ ಅದೂ ಒಡಿಸ್ಯೂಸನ ನಡತೆಪತ್ರವನ್ನು ನಂಬಿ ಇಟ್ಟ ಹೆಸರೇ: ಕರೆದಳು, ಸೆಳೆದಳು, ರೂಪ ಕೆಡಿಸಿದಳು.

ಹಂದಿಗಳ ಕಾರಣ

ಹಾಗಾದರೆ ಅವಳು ಹೇಳುವ ಕಾರಣವೇನು? ಒಡಿಸ್ಯೂಸ್ ಬರುವುದಕ್ಕೆ ಎಷ್ಟೋ ಮೊದಲು, ದಾರಿ ತಪ್ಪಿದ ಒಂದು ಹಡಗಿನ ನಾವಿಕರು ಹಸಿದು ಅವಳ ಬಾಗಿಲಿಗೆ ಬರುತ್ತಾರೆ. ಎಷ್ಟೋ ಕಾಲದ ಒಂಟಿತನದಿಂದ ಬೇಸತ್ತವಳು ಸಂತೋಷದಿಂದ ಅಡುಗೆ ಮಾಡಿ ಬಡಿಸುತ್ತಾಳೆ. ಮನೆಯಲ್ಲಿ ಗಂಡನೂ ಇಲ್ಲ, ತಂದೆಯೂ ಇಲ್ಲ ಎಂದು ತಿಳಿದ ಕೂಡಲೆ ಉಂಡ ಕೈಗಳೇ ಅವಳ ಮೇಲೆ ಏಳುತ್ತವೆ. ಅಂದು ಅವಳು ಕಾಯುತ್ತಾಳೆ, ಯಾರಾದರೂ ಬಂದಾರು ಎಂದು. ಎಲ್ಲವನ್ನೂ ಕಾಣುವ ಸೂರ್ಯ ಅವಳ ತಂದೆ. ಆದರೂ ಯಾರೂ ಬರಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಹಂದಿಗಳ ದೊಡ್ಡಿ ತುಂಬತೊಡಗಿತು.

ಈ ಭಾಗ ಓದಲು ಕಷ್ಟವಾಗುತ್ತದೆ. ಹೈಸ್ಕೂಲಿನ ಚಿಕ್ಕ ಮಕ್ಕಳ ಕೈಗೆ ಕೊಡುವ ಪುಸ್ತಕ ಇದಲ್ಲ. ಪಿಯುಸಿ ದಾಟಿದವರು ಓದಬಹುದು, ಅದಕ್ಕೆ ಮೊದಲು ತಂದೆತಾಯಿಗಳು ಓದಿದರೆ ಇನ್ನೂ ಒಳ್ಳೆಯದು. ಆದರೆ ಕಾರಣವಿಲ್ಲದೆ ಕೆಟ್ಟವಳಾದ ಮಾಟಗಾತಿಗೂ ಕಾರಣವಿದ್ದು ಕಠಿಣಳಾದ ಹೆಂಗಸಿಗೂ ಇರುವ ಅಂತರ ಹರೆಯದವರಿಗೆ ತಿಳಿಯಲೇಬೇಕಾದದ್ದು. ಮಿಲ್ಲರ್ ಇಲ್ಲೂ ಅವಳನ್ನು ಪೂರ್ತಿ ಬಿಟ್ಟುಬಿಡುವುದಿಲ್ಲ. ಬರುವವರೆಲ್ಲ ದುಷ್ಟರೇ ಎಂದು ತೀರ್ಮಾನಿಸಿದ ಮನಸ್ಸು ಎಂಥ ಸೆರೆಮನೆ ಎಂಬುದನ್ನೂ ತೋರಿಸುತ್ತಾರೆ. ಸ್ಕಿಲ್ಲಾಳ ಬಾಯಿಗೆ ಬಿದ್ದ ಪ್ರತಿ ನಾವಿಕನ ಲೆಕ್ಕವೂ ಅವಳ ಎದೆಯ ಮೇಲಿದೆ. ತಾನು ಕುದಿಸಿದ ರಸದ ಪರಿಣಾಮವನ್ನು ಕಡೆಗೆ ತಾನೇ ಹೋಗಿ ನಿಲ್ಲಿಸುತ್ತಾಳೆ. ತಾನು ಬಿಟ್ಟ ಪ್ರಯೋಗಕ್ಕೆ ತಾನೇ ಹೊಣೆ ಎನ್ನುವುದನ್ನು ದೇವಲೋಕದಲ್ಲಿ ಬೇರೆ ಯಾರೂ ಕಲಿತಿಲ್ಲ.

ತಾಯಿಯಾದ ಮೇಲೆ

ತಂದೆತಾಯಿಗಳಿಗೆ ಈ ಕಾದಂಬರಿಯಲ್ಲಿ ಮೀಸಲಾದ ಪುಟಗಳು ಒಡಿಸ್ಯೂಸ್ ಹೊರಟುಹೋದ ಮೇಲೆ ಬರುತ್ತವೆ. ಅವನಿಗೆ ತಿಳಿಯದಂತೆ ಕಿರ್ಕೆಗೆ ಮಗನೊಬ್ಬ ಹುಟ್ಟುತ್ತಾನೆ. ಹೆಸರು ಟೆಲಿಗೊನಸ್, ದೂರದಲ್ಲಿ ಹುಟ್ಟಿದವನು ಎಂದು ಅರ್ಥ. ಆ ಕೂಸು ಒಂದೇ ಸಮನೆ ಅಳುತ್ತದೆ. ಹಾಲು ಕೊಟ್ಟರೂ ಅಳು, ಎತ್ತಿಕೊಂಡರೂ ಅಳು, ಮಲಗಿಸಿದರೂ ಅಳು. ಸೂರ್ಯನ ಮಗಳು, ಸಿಂಹಗಳನ್ನು ಸಾಕಿದವಳು, ರಾತ್ರಿಯಿಡೀ ನಿದ್ದೆಗೆಟ್ಟು ಕೂಸನ್ನು ಹೆಗಲಿಗೆ ಹಾಕಿಕೊಂಡು ಅಡ್ಡಾಡುತ್ತಾಳೆ. ಸಹಾಯಕ್ಕೆ ತಾಯಿ ಇಲ್ಲ, ಅಜ್ಜಿ ಇಲ್ಲ, ನೆರೆಯವರಿಲ್ಲ. ಸಾಲದ್ದಕ್ಕೆ ಅಥೀನಾ ದೇವಿ ಈ ಮಗುವಿನ ಪ್ರಾಣ ತೆಗೆಯಲು ಕಾದಿದ್ದಾಳೆ. ಕಿರ್ಕೆ ತನ್ನ ವಿದ್ಯೆಯನ್ನೆಲ್ಲ ಹೂಡಿ ಇಡೀ ದ್ವೀಪದ ಸುತ್ತ ಕಾಣದ ಬೇಲಿಯೊಂದನ್ನು ಹಾಕಿ, ಅದನ್ನು ಎಡೆಬಿಡದೆ ಕಾಯುತ್ತಾಳೆ.

ಮಗ ಬೆಳೆಯುತ್ತಾನೆ. ಬೇಲಿಯೊಳಗೆ ಸುಖವಾಗಿದ್ದಾನೆ, ಬುದ್ಧಿವಂತನಾಗಿದ್ದಾನೆ. ಒಂದು ದಿನ ತಂದೆಯನ್ನು ನೋಡಲು ಇಥಾಕಾಕ್ಕೆ ಹೋಗುತ್ತೇನೆ ಎನ್ನುತ್ತಾನೆ. ತಾಯಿ ಮೊದಲು ಬೇಡ ಎನ್ನುತ್ತಾಳೆ, ಸಿಟ್ಟಾಗುತ್ತಾಳೆ, ಕಾರಣ ಹೇಳುತ್ತಾಳೆ. ಮಗನ ಮಾತಿಗೆ ಉತ್ತರವಿಲ್ಲ. ಬೇಲಿ ಅವನನ್ನು ಕಾಪಾಡಿದ್ದು ನಿಜ, ಕಟ್ಟಿಹಾಕಿದ್ದೂ ನಿಜ. ಕೊನೆಗೆ ಕಿರ್ಕೆ ಕಡಲ ತಳಕ್ಕಿಳಿದು, ಟ್ರೈಗಾನ್ ಎಂಬ ಆದಿಕಾಲದ ತಿರಂಡಿ ಮೀನಿನ ವಿಷದ ಬಾಲವನ್ನು ತಂದು, ಅದನ್ನೇ ಈಟಿಯ ಮೊನೆಗೆ ಕಟ್ಟಿ ಮಗನ ಕೈಗಿಟ್ಟು ಕಳಿಸುತ್ತಾಳೆ. ಅವನನ್ನು ಕಾಯಲೆಂದು ಕೊಟ್ಟ ಆ ಆಯುಧವೇ ಒಡಿಸ್ಯೂಸನ ಸಾವಿಗೆ ಕಾರಣವಾಗುತ್ತದೆ.

ಮಕ್ಕಳನ್ನು ಹಾಸ್ಟೆಲಿಗೋ ದೂರದ ಊರಿನ ಕಾಲೇಜಿಗೋ ಬಿಟ್ಟು, ಬಸ್ ಸ್ಟ್ಯಾಂಡಿನಲ್ಲಿ ಕಣ್ಣೊರೆಸಿಕೊಂಡವರಿಗೆ ಈ ಪುಟಗಳು ಪುರಾಣ ಎನಿಸುವುದಿಲ್ಲ. ಎಷ್ಟು ಹುಷಾರಾಗಿ ಕಟ್ಟಿಕೊಟ್ಟ ಬುತ್ತಿಯಲ್ಲೂ ಏನಾಗುತ್ತದೋ ಎಂಬ ಭಯ ಇದ್ದೇ ಇರುತ್ತದೆ. ಅದಕ್ಕಾಗಿ ಕಳಿಸದೆ ಇರಲಾದೀತೇ? ಕಿರ್ಕೆ ಕಳಿಸಿದಳು. ಅನಾಹುತವೂ ಆಯಿತು. ಆದರೆ ಮಗ ಮನುಷ್ಯನಾಗಿ ಮರಳಿದ, ತನ್ನ ಜೊತೆ ಒಡಿಸ್ಯೂಸನ ಹೆಂಡತಿ ಪೆನೆಲೊಪಿಯನ್ನೂ ಅವಳ ಮಗ ಟೆಲಿಮಾಕಸನನ್ನೂ ಕರೆತಂದ. ಹಗೆಗಳಾಗಬೇಕಾಗಿದ್ದ ಇಬ್ಬರು ತಾಯಂದಿರು ಒಂದೇ ಮನೆಯಲ್ಲಿ ಕುಳಿತು ಒಬ್ಬರನ್ನೊಬ್ಬರು ಅರಿತುಕೊಳ್ಳುವ ಭಾಗ ಕಾದಂಬರಿಯ ಗಂಭೀರವಾದ ಸೊಬಗು.

ಸಾವನ್ನು ಬಯಸಿದವಳು

ಈ ಕೊನೆಯ ಭಾಗಕ್ಕೂ ಹಳೆಯ ಆಧಾರವಿದೆ. ‘ಟೆಲಿಗೊನಿ’ ಎಂಬ ಇನ್ನೊಂದು ಗ್ರೀಕ್ ಕಾವ್ಯ ಒಮ್ಮೆ ಇತ್ತು. ಕಾವ್ಯ ಕಳೆದುಹೋಗಿದೆ, ಕಥಾಸಾರ ಮಾತ್ರ ಉಳಿದಿದೆ. ಅದರಲ್ಲಿ ಟೆಲಿಗೊನಸ್ ತಂದೆಯೆಂದು ತಿಳಿಯದೆ ಒಡಿಸ್ಯೂಸನನ್ನು ಕೊಂದು, ಪೆನೆಲೊಪಿಯನ್ನೂ ಟೆಲಿಮಾಕಸನನ್ನೂ ತಾಯಿಯ ಬಳಿಗೆ ಕರೆತರುತ್ತಾನೆ. ಕಿರ್ಕೆ ಅವರೆಲ್ಲರನ್ನೂ ಅಮರರನ್ನಾಗಿ ಮಾಡುತ್ತಾಳೆ.

ಮಿಲ್ಲರ್ ಕಥೆಯನ್ನು ಇಲ್ಲಿ ತಲೆಕೆಳಗು ಮಾ‌ಡಿದ್ದಾರೆ. ಅವರ ಕಿರ್ಕೆ ಮನುಷ್ಯರನ್ನು ಅಮರರನ್ನಾಗಿ ಮಾಡುವುದಿಲ್ಲ. ತಾನೇ ಮನುಷ್ಯಳಾಗಲು ಬಯಸುತ್ತಾಳೆ. ಎಂದೂ ಸಾಯದ ದೇವತೆಗಳ ನಡುವೆ ಅವಳು ಕಂಡದ್ದು ಬದಲಾಗದ ಮುಖಗಳನ್ನು. ಅರಳುವುದು, ಮಾಗುವುದು, ಕಲಿಯುವುದು, ಕ್ಷಮಿಸುವುದು, ಎಲ್ಲವನ್ನೂ ಅವಳು ಕಂಡದ್ದು ಒಂದು ದಿನ ಸಾಯುವವರಲ್ಲಿ. ಮೊದಲು ಪ್ರೀತಿಸಿದವನನ್ನು ದೇವರನ್ನಾಗಿ ಮಾಡಲು ಕಿತ್ತಿದ್ದ ಅದೇ ಹೂಗಳನ್ನು ಈಗ ಅವಳು ತನಗಾಗಿ ಕುದಿಸುತ್ತಾಳೆ. ಬಟ್ಟಲು ತುಟಿಗೆ ಬಂದಲ್ಲಿಗೆ ಕಾದಂಬರಿ ನಿಲ್ಲುತ್ತದೆ.

ಚಿಕ್ಕಂದಿನಲ್ಲಿ ಎಲ್ಲರೂ ನಗುತ್ತಿದ್ದ ದನಿ, ಮನುಷ್ಯರ ದನಿಯಂತಿದೆ ಎಂದು ಹೀಗಳೆದ ದನಿ, ಕಡೆಗೆ ಸರಿಯಾದ ದನಿಯೇ ಆಗಿತ್ತು. ತಪ್ಪಾಗಿದ್ದದ್ದು ಅವಳು ಕುಳಿತಿದ್ದ ಮನೆ.

ಅಂಕಪಟ್ಟಿ ಕೊಡುವ ದಿನ ಮತ್ತೆ ಬರುತ್ತದೆ. ವರಾಂಡದಲ್ಲಿ ಮತ್ತೆ ಸಾಲು ನಿಲ್ಲುತ್ತದೆ. ಅಣ್ಣನ ಅಂಕ, ಪಕ್ಕದ ಮನೆಯವನ ರ‍್ಯಾಂಕು, ಎಲ್ಲ ಅಳತೆಗಳೂ ಕೈಯಲ್ಲಿ ಸಿದ್ಧವಾಗಿರುತ್ತವೆ. ಅಂದು ಮಗಳ ಬಗ್ಗೆ ಮೇಷ್ಟ್ರು ಹೇಳುವುದನ್ನು ಕೇಳಿ, ಅಂಕಪಟ್ಟಿ ಹೇಳುವುದನ್ನೂ ಓದಿ, ಮನೆಗೆ ಹೋಗುವ ದಾರಿಯಲ್ಲಿ ಒಂದು ಕೆಲಸ ಮಾಡಬಹುದು. ಅವಳ ಪಕ್ಕದಲ್ಲಿ, ಅವಳ ಕಣ್ಣಿನ ಮಟ್ಟಕ್ಕೆ ಕುಳಿತು, ‘ನೀನು ಹೇಳಮ್ಮ’ ಎಂದು ಕೇಳಬಹುದು. ಹೀಲಿಯೋಸನಿಗೆ ಅದು ಎಂದೂ ಹೊಳೆಯಲಿಲ್ಲ. ಲೋಕಕ್ಕೆಲ್ಲ ಬೆಳಕು ಕೊಡುವವನಿಗೆ ತನ್ನ ಕಾಲಬುಡದಲ್ಲಿ ಕುಳಿತ ಮಗು ಕಾಣಲಿಲ್ಲ.